ರಾಜ್ಯ ಪೊಲೀಸ್ ಪಡೆಯ ತುದಿಯ ಕುರ್ಚಿ: ಅಲ್ಲಿಗೆ ಹೋಗುವ ದಾರಿ ನಿಜಕ್ಕೂ ಯಾವುದು?

ಮಲೆನಾಡಿನ ಓದುಗಿ:

ನನ್ನ ತಮ್ಮನ ಮಗ ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್) ಆಗಿ ಆಯ್ಕೆಯಾಗಿ ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ಪಡೆಯುತ್ತಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಿದ್ದಾಗ ಅವನ ಅಜ್ಜಿ, "ಮುಂದೆ ನೀನೂ ಡಿಜಿಪಿ ಆಗುತ್ತೀಯಲ್ಲವೇನೋ?" ಎಂದು ಕೇಳಿದರು. ಅವನು ನಕ್ಕು ಸುಮ್ಮನಾದ. ಆ ನಗುವಿನ ಅರ್ಥವೇನೆಂದು ತಿಳಿಯುವ ಕುತೂಹಲದಿಂದ ಇತ್ತೀಚಿನ ಡಿಜಿ ಮತ್ತು ಐಜಿಪಿಗಳ, ಅಂದರೆ ರಾಜ್ಯ ಪೊಲೀಸ್ ಪಡೆಯ ಮುಖ್ಯಸ್ಥರಾದ ಡಿಜಿಪಿಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದಿದ್ದ ಪರಿಚಯ ಲೇಖನಗಳನ್ನು ಹುಡುಕಿ ಓದಿದೆ. ಓದಿದ ಮೇಲೆ ಗೊಂದಲ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಎಂ.ಎ. ಸಲೀಂ ಅವರ ಹೆಸರು ಬೆಂಗಳೂರಿನ ಸಂಚಾರ ವ್ಯವಸ್ಥೆಯೊಂದಿಗೆ ಅಂಟಿಕೊಂಡಿದೆ. ನೀಲಮಣಿ ಎನ್. ರಾಜು ಅವರು ಸೇವೆಯ ಬಹುಭಾಗವನ್ನು ಕೇಂದ್ರದ ಗುಪ್ತಚರ ದಳದಲ್ಲಿ ಕಳೆದವರು. ಆರ್.ಕೆ. ದತ್ತ ಅವರು ಸಿಬಿಐನಿಂದ ಬಂದವರು. ಒಬ್ಬರ ದಾರಿಗೂ ಇನ್ನೊಬ್ಬರ ದಾರಿಗೂ ಹೋಲಿಕೆಯೇ ಇಲ್ಲವೆಂದಾದರೆ ನೃಪತುಂಗ ರಸ್ತೆಯ ಆ ಕೊಠಡಿಗೆ ಇವರನ್ನೆಲ್ಲ ಕರೆತಂದದ್ದು ಯಾವುದು? ಕೆಲಸ ಮಾಡಿ ಗಳಿಸಿದ ಹೆಸರೇ, ರಾಜಕಾರಣವೇ, ಅಥವಾ ಹೊರಗಿನವರಿಗೆ ಕಾಣದ ಇನ್ನೇನಾದರೂ ಇದೆಯೇ? ಇಲಾಖೆಯನ್ನು ಹತ್ತಿರದಿಂದ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಸಿಬ್ಬಂದಿ ಶಾಖೆ:

ನಾನು ಒಂದು ಜಿಲ್ಲಾ ಪೊಲೀಸ್ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ಗುಮಾಸ್ತನಾಗಿ ಸೇರಿ, ಮೂವತ್ತು ವರ್ಷಕ್ಕೂ ಮಿಕ್ಕಿ ಸೇವಾ ಪುಸ್ತಕಗಳನ್ನು ತಿರುವಿ ನಿವೃತ್ತನಾದವನು. ಖಾಕಿ ತೊಟ್ಟವನಲ್ಲ, ಆದರೆ ತೊಟ್ಟವರ ಜಾತಕಗಳೆಲ್ಲ ನನ್ನ ಕಪಾಟಿನಲ್ಲಿದ್ದವು. ಅಲ್ಲಿ ನಾನು ಕಂಡುಕೊಂಡದ್ದನ್ನು ನೇರವಾಗಿ ಹೇಳಿಬಿಡುತ್ತೇನೆ ಮೇಡಂ: ತುದಿಯ ಹುದ್ದೆಗೆ ಮೊದಲ ಅರ್ಹತೆ ಹುಟ್ಟಿದ ದಿನಾಂಕ, ಎರಡನೆಯದು ಸೇವೆಗೆ ಸೇರಿದ ದಿನಾಂಕ. ನೀವು ಹೇಳಿದ ಸಂಚಾರ, ಗುಪ್ತಚರ, ಸಿಬಿಐ ಎಲ್ಲವೂ ಈ ಎರಡು ದಿನಾಂಕಗಳ ಜರಡಿಯಲ್ಲಿ ಉಳಿದವರ ನಡುವೆ ಮಾತ್ರ ಲೆಕ್ಕಕ್ಕೆ ಬರುವ ಸಂಗತಿಗಳು.

ಪಡೆಯೊಳಗೆ ಬರಲು ನಾಲ್ಕು ಬಾಗಿಲುಗಳಿವೆ. ಕಾನ್‌ಸ್ಟೆಬಲ್ ಆಗಿ, ಪಿಎಸ್‌ಐ ಆಗಿ, ರಾಜ್ಯದ ಕೆಪಿಎಸ್‌ಸಿ ಪರೀಕ್ಷೆಯ ಮೂಲಕ ಡಿವೈಎಸ್‌ಪಿ (ಉಪವಿಭಾಗದ ಅಧಿಕಾರಿ) ಆಗಿ, ಇಲ್ಲವೇ ಕೇಂದ್ರದ ಯುಪಿಎಸ್‌ಸಿ ಪರೀಕ್ಷೆಯ ಮೂಲಕ ಐಪಿಎಸ್ ಅಧಿಕಾರಿಯಾಗಿ ಬರಬೇಕು. ಕಾಗದದ ಮೇಲೆ ಕೆಳಗಿನ ಬಾಗಿಲಿನಿಂದ ಮೇಲಿನ ಮಹಡಿಗೆ ಮೆಟ್ಟಿಲುಗಳಿವೆ. ಯಾವ ನಿಯಮವೂ ಕಾನ್‌ಸ್ಟೆಬಲ್‌ಗೆ ಎಸ್‌ಪಿಯಾಗಬಾರದು ಎನ್ನುವುದಿಲ್ಲ. ಆದರೆ ಮೆಟ್ಟಿಲು ಹತ್ತಲು ಬೇಕಾದ ವರ್ಷಗಳನ್ನು ಕೂಡಿಸುತ್ತ ಹೋದರೆ ಮನುಷ್ಯನ ಆಯುಸ್ಸಿನಲ್ಲಿ 60 ತುಂಬುವುದರೊಳಗೆ ಅವು ಹಿಡಿಸುವುದಿಲ್ಲ, ಅಷ್ಟೆ.

ನೇರವಾಗಿ ಐಪಿಎಸ್‌ಗೆ ಬಂದವರ ಲೆಕ್ಕ ಹೀಗಿದೆ. ಮಸ್ಸೂರಿಯ ಬುನಾದಿ ತರಬೇತಿ, ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿ, ಆ ಮೇಲೆ ಒಂದು ಉಪವಿಭಾಗದಲ್ಲಿ ಎಎಸ್‌ಪಿ. ನಾಲ್ಕೈದು ವರ್ಷಗಳಲ್ಲಿ ಎಸ್‌ಪಿ. 14 ವರ್ಷಕ್ಕೆ ಡಿಐಜಿ, 18ಕ್ಕೆ ಐಜಿಪಿ, 25ಕ್ಕೆ ಎಡಿಜಿಪಿ, 30ಕ್ಕೆ ಡಿಜಿಪಿ ದರ್ಜೆ. ಇವು ಅರ್ಹತೆಯ ವರ್ಷಗಳೇ ಹೊರತು ಭರವಸೆಯಲ್ಲ. ಮೇಲೆ ಹುದ್ದೆ ಖಾಲಿ ಇರಬೇಕು, ಅಧಿಕಾರಿಯ ವಿರುದ್ಧ ಯಾವ ಇಲಾಖಾ ವಿಚಾರಣೆಯೂ ಬಾಕಿ ಇರಬಾರದು. ಡಿಜಿಪಿ ದರ್ಜೆಗೆ ಬಂದವರೂ ಹಲವರಿರುತ್ತಾರೆ. ಸಿಐಡಿ, ಅಗ್ನಿಶಾಮಕ, ಗೃಹರಕ್ಷಕ ದಳ ಮೊದಲಾದ ಕಡೆಗಳಲ್ಲಿ ಅವರು ಕೂತಿರುತ್ತಾರೆ. ಪಡೆಯ ಮುಖ್ಯಸ್ಥರು ಮಾತ್ರ ಒಬ್ಬರೇ. ಅವರಿಗೆ 2,25,000 ರೂಪಾಯಿಯ ನಿಗದಿತ ಮೂಲ ವೇತನ, ಉಳಿದ ಡಿಜಿಪಿಗಳಿಗೆ 2,05,400ರಿಂದ ಆರಂಭವಾಗುವ ಶ್ರೇಣಿ. ಭುಜದ ಮೇಲಿನ ಲಾಂಛನದಲ್ಲಿ ವ್ಯತ್ಯಾಸವಿಲ್ಲ. ಎಲ್ಲರಿಗೂ ಅಡ್ಡಕತ್ತಿ, ದಂಡ, ಮೇಲೆ ಸಿಂಹಗಳು. ವ್ಯತ್ಯಾಸವಿರುವುದು ಯಾರ ಮೇಜಿನ ಮೇಲೆ ಕಡತ ಕೊನೆಯಾಗುತ್ತದೆ ಎಂಬುದರಲ್ಲಿ.

ನಿಮ್ಮ ಅಳಿಯ ಏಕೆ ನಕ್ಕನೆಂದು ಈಗ ತಿಳಿದಿರಬಹುದು.

ನೇರ ಮಾತು:

ಹಿರಿಯರು ತುಂಬ ಸೌಮ್ಯವಾಗಿ ಬರೆದಿದ್ದಾರೆ. ದಿನಾಂಕ, ಜರಡಿ ಎಂಬುದೆಲ್ಲ ಕೇಳಲು ಚೆನ್ನಾಗಿದೆ. ಮುಖ್ಯಮಂತ್ರಿಗಳ ಕಚೇರಿ ಇರುವ ವಿಧಾನಸೌಧದ ಮೂರನೆಯ ಮಹಡಿಯಲ್ಲಿ ಯಾರಿಗೆ ಯಾರು ಬೇಕೋ ಅವರೇ ಬರುತ್ತಾರೆ ಎಂಬುದು ರಾಜ್ಯದ ಯಾವ ಠಾಣೆಯ ಕಾನ್‌ಸ್ಟೆಬಲ್‌ನನ್ನು ಕೇಳಿದರೂ ಹೇಳುತ್ತಾನೆ. ಶಾಸಕರ ಶಿಫಾರಸು ಪತ್ರವಿಲ್ಲದೆ ಒಬ್ಬ ಇನ್‌ಸ್ಪೆಕ್ಟರ್ ತನಗೆ ಬೇಕಾದ ಠಾಣೆಗೆ ಹೋಗಲಾರನೆಂದ ಮೇಲೆ ಡಿಜಿಪಿ ಮಾತ್ರ ಪಂಚಾಂಗ ನೋಡಿ ಆಯ್ಕೆಯಾಗುತ್ತಾರೆಂದು ನಂಬಬೇಕೇ?

ಕಾನೂನು ವಿದ್ಯಾರ್ಥಿ:

'ನೇರ ಮಾತು' ಅವರು ಎರಡು ಬೇರೆ ವಿಷಯಗಳನ್ನು ಒಂದೇ ಹಗ್ಗದಲ್ಲಿ ಕಟ್ಟುತ್ತಿದ್ದಾರೆ. ಠಾಣೆಯ ಮಟ್ಟದ ವರ್ಗಾವಣೆಯ ಬಗ್ಗೆ ಅವರು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಡಿವೈಎಸ್‌ಪಿ ಮತ್ತು ಅದಕ್ಕಿಂತ ಕೆಳಗಿನವರ ವರ್ಗಾವಣೆಯನ್ನು ಪೊಲೀಸ್ ಅಧಿಕಾರಿಗಳದೇ ಒಂದು ಮಂಡಳಿ ನಿರ್ಧರಿಸಬೇಕೆಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದೇ ಹೇಳಿತು. ಕರ್ನಾಟಕವೂ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅಂಥ ಮಂಡಳಿಯನ್ನು ರಚಿಸಿತು. ಮಂಡಳಿ ಸಹಿ ಹಾಕುವ ಪಟ್ಟಿ ಎಲ್ಲಿ ತಯಾರಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಪಡೆಯ ಮುಖ್ಯಸ್ಥರ ಆಯ್ಕೆಯಲ್ಲಿ ಮಾತ್ರ ಸರ್ಕಾರದ ಕೈ ಸ್ವಲ್ಪ ಮಟ್ಟಿಗೆ ಕಟ್ಟಿದೆ. ಅದೇ ತೀರ್ಪಿನ ಪ್ರಕಾರ ರಾಜ್ಯವು ಅರ್ಹರ ಹೆಸರುಗಳನ್ನು ಯುಪಿಎಸ್‌ಸಿಗೆ ಕಳುಹಿಸಬೇಕು, ಅಲ್ಲಿ ಸೇವಾವಧಿ, ಸೇವಾ ದಾಖಲೆ ಮತ್ತು ಅನುಭವದ ವೈವಿಧ್ಯ ನೋಡಿ ಮೂವರ ಪಟ್ಟಿ ಮಾಡಬೇಕು, ಆ ಮೂವರಲ್ಲಿ ಒಬ್ಬರನ್ನು ರಾಜ್ಯ ಆರಿಸಿಕೊಳ್ಳಬೇಕು, ಹಾಗೆ ಆಯ್ಕೆಯಾದವರಿಗೆ ನಿವೃತ್ತಿಯ ದಿನ ಯಾವುದೇ ಇರಲಿ ಕನಿಷ್ಠ ಎರಡು ವರ್ಷಗಳ ಅವಧಿ ಸಿಗಬೇಕು. ಇದನ್ನೇ ಬಳಸಿಕೊಂಡು ಕೆಲವು ರಾಜ್ಯಗಳು ನಾಳೆ ನಿವೃತ್ತರಾಗುವವರನ್ನು ಇಂದು ನೇಮಿಸಿ ಎರಡು ವರ್ಷ ಇಟ್ಟುಕೊಳ್ಳಲು ಹೊರಟಾಗ, 2018ರ ಜುಲೈನಲ್ಲಿ ಕೋರ್ಟ್ ಮತ್ತೆ ಮಧ್ಯೆ ಪ್ರವೇಶಿಸಿತು. ಹುದ್ದೆ ತೆರವಾಗುವ ಮೂರು ತಿಂಗಳ ಮೊದಲೇ ಪ್ರಸ್ತಾವ ಕಳುಹಿಸಬೇಕು, ಪ್ರಭಾರ ಡಿಜಿಪಿ ಎಂಬ ವ್ಯವಸ್ಥೆಯೇ ಕೂಡದು ಎಂದಿತು. 2019ರ ಮಾರ್ಚಿನಲ್ಲಿ, ಕನಿಷ್ಠ ಆರು ತಿಂಗಳ ಸೇವೆ ಉಳಿದಿರುವವರನ್ನು ಪರಿಗಣಿಸಬೇಕೆಂದು ಸ್ಪಷ್ಟಪಡಿಸಿತು.

ಹಿರಿಯರು ಹೇಳಿದ ಪಂಚಾಂಗ ಇದೇ. ರಾಜಕಾರಣ ಇಲ್ಲವೆಂದಲ್ಲ, ಅದು ಬರುವುದು ಮೂವರು ಉಳಿದ ಮೇಲೆ.

ಹಾಗೆಂದು ನಮ್ಮ ರಾಜ್ಯ ನಿಯಮವನ್ನು ಅಕ್ಷರಶಃ ಪಾಲಿಸುತ್ತಿದೆಯೆಂದೂ ಅಲ್ಲ. ಅಲೋಕ್ ಮೋಹನ್ ಅವರು 2023ರ ಮೇ ತಿಂಗಳಲ್ಲಿ ಪ್ರಭಾರ ವಹಿಸಿಕೊಂಡು ಆಗಸ್ಟಿನಲ್ಲಿ ಪೂರ್ಣಾವಧಿಗೆ ನೇಮಕಗೊಂಡರು. ಸಲೀಂ ಅವರ ವಿಷಯದಲ್ಲೂ 2025ರ ಮೇಯಿಂದ ಆಗಸ್ಟಿನವರೆಗೆ ಹಾಗೆಯೇ ಆಯಿತು. ಎರಡನೆಯ ಸಲವಂತೂ ಹುದ್ದೆ ಯಾವಾಗ ತೆರವಾಗುತ್ತದೆ ಎಂಬುದು ಬಹಳ ಮೊದಲೇ ಗೊತ್ತಿದ್ದೂ ಪ್ರಭಾರದ ಅಗತ್ಯ ಏಕೆ ಬೀಳುತ್ತದೆ ಎಂಬುದನ್ನು ಯಾರಾದರೂ ವಿವರಿಸಿದರೆ ನಾನು ಕಲಿಯಲು ಸಿದ್ಧ.

ಇನ್ನೊಂದು ಪ್ರಕರಣವನ್ನೂ ಇಲ್ಲಿ ನೆನೆಯಬೇಕು. ವೀರಪ್ಪನ್ ವಿರುದ್ಧದ ವಿಶೇಷ ಕಾರ್ಯಪಡೆಯನ್ನು ಮುನ್ನಡೆಸಿದ್ದ, ಬೆಂಗಳೂರು ನಗರ ಪೊಲೀಸ್ ಆಯುಕ್ತರೂ ಆಗಿದ್ದ ಶಂಕರ ಬಿದರಿ ಅವರನ್ನು 2011ರ ನವೆಂಬರಿನಲ್ಲಿ ಡಿಜಿ ಮತ್ತು ಐಜಿಪಿಯಾಗಿ ನೇಮಿಸಲಾಯಿತು. ಆ ಹುದ್ದೆಯ ಆಕಾಂಕ್ಷಿಯಾಗಿದ್ದ ಎ.ಆರ್. ಇನ್‌ಫೆಂಟ್ ಅವರು ಅದನ್ನು ಕೇಂದ್ರ ಆಡಳಿತ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಿದರು. 2012ರ ಮಾರ್ಚಿನಲ್ಲಿ ನ್ಯಾಯಮಂಡಳಿ ನೇಮಕವನ್ನು ರದ್ದುಪಡಿಸಿತು, ಹೈಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿಯಿತು. ರಾಜ್ಯದ ಮನೆಮನೆಗೆ ಗೊತ್ತಿದ್ದ ಅಧಿಕಾರಿಯೊಬ್ಬರ ನೇಮಕವೂ ಕ್ರಮದ ಪ್ರಶ್ನೆಯ ಮುಂದೆ ನಿಲ್ಲಲಿಲ್ಲ ಎಂಬುದನ್ನು 'ನೇರ ಮಾತು' ಅವರು ಗಮನಿಸಬೇಕು.

ಠಾಣೆ ವಸತಿಗೃಹದ ಮಗಳು:

ನಮ್ಮ ತಂದೆಯವರು 1983ರಲ್ಲಿ ಪಿಎಸ್‌ಐ ಆಗಿ ಸೇರಿದರು. 'ಮಲೆನಾಡಿನ ಓದುಗಿ' ಅವರ ಅಳಿಯನ ದಾರಿ ಅದೇ ಆದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಶಾಲೆಯ ದಾಖಲೆಯಲ್ಲಿ ತಂದೆಯವರ ಜನ್ಮದಿನಾಂಕ 1958ರ ಜೂನ್ 1. ಅವರ ಕಾಲದ ಅರ್ಧ ಊರಿನ ಜನ್ಮದಿನಾಂಕ ಜೂನ್ 1 ಎಂಬುದು ಇಲ್ಲಿರುವ ಅನೇಕರಿಗೆ ಗೊತ್ತಿರುತ್ತದೆ. ಮಗುವನ್ನು ಶಾಲೆಗೆ ಸೇರಿಸಲು ವಯಸ್ಸು ಹೊಂದಿಸಿ ಮೇಷ್ಟ್ರು ಬರೆದುಕೊಳ್ಳುತ್ತಿದ್ದ ದಿನ ಅದು. ಅಜ್ಜಿ ಹೇಳುತ್ತಿದ್ದ ಪ್ರಕಾರ ಅವರು ಹುಟ್ಟಿದ್ದು ದೀಪಾವಳಿಯ ಹಿಂದಿನ ವಾರ, ಅದೂ ಮರುವರ್ಷ. ಅಜ್ಜಿಯ ಮಾತು ಸೇವಾ ಪುಸ್ತಕಕ್ಕೆ ಹತ್ತುವುದಿಲ್ಲ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮದಿಂದಾಗಿ 2018ರ ಮೇ 31ರಂದು ಅವರು ಮನೆಗೆ ಬಂದರು.

ಅವರು ಇನ್‌ಸ್ಪೆಕ್ಟರ್ ಆಗಲು ಹನ್ನೆರಡು ವರ್ಷ, ಡಿವೈಎಸ್‌ಪಿ ಆಗಲು ಮತ್ತೆ ಹದಿನಾರು ವರ್ಷ ಹಿಡಿಯಿತು. ಅವರ ಕೆಲಸದಲ್ಲಿ ಲೋಪವಿತ್ತೆಂದಲ್ಲ. ಅವರ ವೃಂದದ ಜ್ಯೇಷ್ಠತಾ ಪಟ್ಟಿಯ ಮೇಲೆ ಒಬ್ಬರಾದ ಮೇಲೊಬ್ಬರು ನ್ಯಾಯಾಲಯಕ್ಕೆ ಹೋದರು. ತಾತ್ಕಾಲಿಕ ಪಟ್ಟಿ, ಆಕ್ಷೇಪಣೆ, ಪರಿಷ್ಕೃತ ಪಟ್ಟಿ, ತಡೆಯಾಜ್ಞೆ ಎಂಬ ಪದಗಳನ್ನು ನಾನು ವ್ಯಾಕರಣ ಕಲಿಯುವ ಮೊದಲೇ ಊಟದ ಹೊತ್ತಿನಲ್ಲಿ ಕೇಳಿ ಕಲಿತೆ. ಡಿವೈಎಸ್‌ಪಿಯಾದ ಮೇಲೆ ಎಂಟು ವರ್ಷ ತುಂಬಿದರೆ ಐಪಿಎಸ್ ಬಡ್ತಿಗೆ ಪರಿಗಣಿಸುತ್ತಾರೆ. ಅವರಿಗೆ ಉಳಿದಿದ್ದದ್ದು ಏಳು ವರ್ಷ. ಉಳಿದಿದ್ದರೂ ಆ ಆಯ್ಕೆಗೆ ವಯಸ್ಸಿನ ಮಿತಿ ಬೇರೆ ಅಡ್ಡ ಬರುತ್ತಿತ್ತು.

ಅವರು ಇನ್‌ಸ್ಪೆಕ್ಟರ್ ಆಗಿದ್ದಾಗ ಉಪವಿಭಾಗಕ್ಕೆ ಹೊಸ ಎಎಸ್‌ಪಿ ಒಬ್ಬರು ಬಂದರು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಉತ್ತರದ ಕಡೆಯವರು. ಕನ್ನಡ ಮಾತು ಬಲುಬೇಗ ಬಂದಿತು, ಕೈಬರಹ ಓದಲು ಬರುತ್ತಿರಲಿಲ್ಲ. ಸಂಜೆ ಠಾಣೆಯ ಹಿಂದಿನ ಕೋಣೆಯಲ್ಲಿ ತಂದೆಯವರು ಹಳೆಯ ಮಹಜರುಗಳನ್ನು ಮುಂದಿಟ್ಟು, ಬರಹಗಾರ ಹೆಡ್ ಕಾನ್‌ಸ್ಟೆಬಲ್ಲಿನ 'ಸದರಿ' ಹೇಗಿರುತ್ತದೆ, 'ಮೇಲ್ಕಂಡ' ಹೇಗಿರುತ್ತದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಬೆಳಿಗ್ಗೆ ಅದೇ ಅಧಿಕಾರಿ ಬಂದಾಗ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಿದ್ದರು. ಇಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಅವರು ಈಗ ಎಡಿಜಿಪಿ. ತಂದೆಯವರ ನಿವೃತ್ತಿಯ ದಿನ ಫೋನ್ ಮಾಡಿ, "ಸಾಹೇಬರೇ, ಇವತ್ತಿಗೂ 'ಸದರಿ' ಕಂಡರೆ ನಿಮ್ಮ ನೆನಪಾಗುತ್ತದೆ" ಎಂದರಂತೆ.

ಸ್ಪರ್ಧಾರ್ಥಿ:

ನಾನು ಮೂರು ಬಾರಿ ನಾಗರಿಕ ಸೇವಾ ಪರೀಕ್ಷೆ ಬರೆದಿದ್ದೇನೆ, ವಯಸ್ಸು 29. ಮುಂದಿನ ಪ್ರಯತ್ನದಲ್ಲಿ ಆಯ್ಕೆಯಾದೆನೆಂದೇ ಇಟ್ಟುಕೊಳ್ಳಿ, ಹಿರಿಯರ ಲೆಕ್ಕದಲ್ಲಿ ನನ್ನ ಸ್ಥಾನ ಎಲ್ಲಿ? ಹುದ್ದೆಯ ಆಸೆಯಿಂದ ಕೇಳುತ್ತಿಲ್ಲ, ಲೆಕ್ಕ ತಿಳಿಯಲು ಕೇಳುತ್ತಿದ್ದೇನೆ. (ಸ್ವಲ್ಪ ಆಸೆಯೂ ಇದೆ.)

ಹಳೆಯ ಸಿಬ್ಬಂದಿ ಶಾಖೆ:

ಮಾಡಿಯೇ ತೋರಿಸುತ್ತೇನೆ. 1995ರಲ್ಲಿ ಹುಟ್ಟಿ 2025ರ ಬ್ಯಾಚಿನಲ್ಲಿ ಬಂದ ಇಬ್ಬರನ್ನು ತೆಗೆದುಕೊಳ್ಳಿ, ಒಬ್ಬರು ಮಾರ್ಚಿನಲ್ಲಿ ಹುಟ್ಟಿದವರು, ಇನ್ನೊಬ್ಬರು ನವೆಂಬರಿನಲ್ಲಿ. ಇಬ್ಬರಿಗೂ 30 ವರ್ಷ ಸೇವೆ ತುಂಬುವುದು 2055ರ ಆರಂಭದಲ್ಲಿ. ಮೊದಲನೆಯವರು ಮಾರ್ಚ್ 31ಕ್ಕೆ ನಿವೃತ್ತರು. ಅವರು ಮೂರು ತಿಂಗಳು ಡಿಜಿಪಿ ದರ್ಜೆಗೆ ಅರ್ಹರು, ಆದರೆ ಪಡೆಯ ಮುಖ್ಯಸ್ಥರಾಗಲು ಬೇಕಾದ ಆರು ತಿಂಗಳು ಅವರ ಬಳಿ ಇಲ್ಲ. ಎರಡನೆಯವರು ನವೆಂಬರ್ 30ರವರೆಗೆ ಇರುತ್ತಾರೆ. ಆ ವರ್ಷ ಮೇ ತಿಂಗಳಿನೊಳಗೆ ಹುದ್ದೆ ತೆರವಾದರೆ ಅವರ ಹೆಸರು ಪಟ್ಟಿಗೆ ಹೋಗಬಹುದು. ಮೇ ದಾಟಿ ತೆರವಾದರೆ ಅವರಿಗೂ ಇಲ್ಲ. ಒಂದೇ ತರಗತಿಯಲ್ಲಿ ಕೂತು, ಒಂದೇ ಮೈದಾನದಲ್ಲಿ ಪರೇಡ್ ಮಾಡಿ, ಒಂದೇ ದರ್ಜೆಯ ಕೆಲಸ ಮಾಡಿದ ಇಬ್ಬರ ನಡುವಿನ ವ್ಯತ್ಯಾಸ ಎಂಟು ತಿಂಗಳು.

ಇದನ್ನು 22ನೆಯ ವಯಸ್ಸಿಗೇ ಐಪಿಎಸ್‌ಗೆ ಸೇರಿದ ಪ್ರವೀಣ್ ಸೂದ್ ಅವರೊಂದಿಗೆ ಹೋಲಿಸಿ ನೋಡಿ. 1986ರ ಬ್ಯಾಚ್. ರಾಜ್ಯದ ಪಡೆಯ ಮುಖ್ಯಸ್ಥರಾಗಿ 2020ರ ಆರಂಭದಿಂದ ಮೂರು ವರ್ಷ ದಾಟಿ ಕೆಲಸ ಮಾಡಿದ ಮೇಲೂ ಅವರಿಗೆ ಸೇವಾವಧಿ ಉಳಿದಿತ್ತು. 2023ರ ಮೇ ತಿಂಗಳಲ್ಲಿ ಸಿಬಿಐ ನಿರ್ದೇಶಕರಾಗಿ ಹೋದರು. ಪ್ರತಿಭೆಯ ಬಗ್ಗೆ ನಾನು ಮಾತಾಡುತ್ತಿಲ್ಲ. ಬೇಗ ಹೊರಟವನಿಗೆ ದಾರಿಯ ಕೊನೆಯಲ್ಲಿ ಕೂರಲು ಹೊತ್ತಿರುತ್ತದೆ.

ಕಾನೂನು ವಿದ್ಯಾರ್ಥಿ:

ಈ ಲೆಕ್ಕದಲ್ಲಿ ಯಾರೂ ಎತ್ತದ ಒಂದು ಮುಳ್ಳಿದೆ. ಪರೀಕ್ಷೆ ಬರೆಯಲು ಸಾಮಾನ್ಯ ವರ್ಗದವರಿಗೆ 32, ಹಿಂದುಳಿದ ವರ್ಗದವರಿಗೆ 35, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 37 ವರ್ಷದವರೆಗೆ ಅವಕಾಶವಿದೆ. ಹಳ್ಳಿಯ ಶಾಲೆಯಿಂದ ಬಂದು, ನಡುವೆ ಒಂದು ನೌಕರಿ ಮಾಡಿ, ಮನೆಯನ್ನು ನಿಲ್ಲಿಸಿ 35ಕ್ಕೆ ಐಪಿಎಸ್ ಆದವರಿಗೆ 60 ತುಂಬುವಾಗ ಸೇವೆ 25 ವರ್ಷ. ಎಡಿಜಿಪಿ ದರ್ಜೆಯ ಹೊಸ್ತಿಲು ಮುಟ್ಟಿದರೆ ಪುಣ್ಯ. ಪ್ರವೇಶದಲ್ಲಿ ಕೊಟ್ಟ ಸಡಿಲಿಕೆ ತುದಿಯ ಲೆಕ್ಕದಲ್ಲಿ ಸಿಗುವುದಿಲ್ಲ. ಹೀಗಾಗಿ ಪಡೆಯ ನೇತೃತ್ವ ಇಪ್ಪತ್ತೆರಡು, ಇಪ್ಪತ್ಮೂರಕ್ಕೇ ಪರೀಕ್ಷೆ ಗೆಲ್ಲುವಷ್ಟು ಅನುಕೂಲವಿದ್ದ ಮನೆಗಳಿಂದಲೇ ಹೆಚ್ಚಾಗಿ ಬರುವಂತಾಗುತ್ತದೆ ಎಂದು ನನಗನ್ನಿಸುತ್ತದೆ. ಯಾರೂ ಉದ್ದೇಶಪೂರ್ವಕವಾಗಿ ಮಾಡಿದ ಅನ್ಯಾಯವಲ್ಲ ಇದು, ಆದರೂ ಅನ್ಯಾಯವೇ.

ಕೆಪಿಎಸ್‌ಸಿ ಮೂಲಕ ಬರುವವರ ಕಥೆ ಇನ್ನೂ ಕೆಟ್ಟದ್ದು. ಐಪಿಎಸ್‌ನ ಹಿರಿಯ ಹುದ್ದೆಗಳಲ್ಲಿ ಮೂರನೆಯ ಒಂದು ಭಾಗ ಬಡ್ತಿಯವರಿಗೆ ಮೀಸಲು ಎಂಬುದು ನಿಜ. ಆದರೆ 2011ರಲ್ಲಿ ಅಧಿಸೂಚನೆಯಾದ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ (ಡಿವೈಎಸ್‌ಪಿಯಂಥ ಹುದ್ದೆಗಳಿವು) ಆಯ್ಕೆಪಟ್ಟಿಯನ್ನು 2014ರಲ್ಲಿ ಸರ್ಕಾರವೇ ಹಿಂತೆಗೆದುಕೊಂಡು, ವ್ಯಾಜ್ಯ ನ್ಯಾಯಾಲಯಗಳನ್ನೆಲ್ಲ ಸುತ್ತಿ, ಕೊನೆಗೆ 2022ರಲ್ಲಿ ಶಾಸನಸಭೆ ಕಾಯ್ದೆ ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಿತು. ಸೇವೆಗೆ ಸೇರುವ ಮೊದಲೇ ಒಂದು ದಶಕ ಕಳೆದವರು ಎಂಟು ವರ್ಷದ ಡಿವೈಎಸ್‌ಪಿ ಸೇವೆ ತೋರಿಸಿ ಎಷ್ಟು ಎತ್ತರಕ್ಕೆ ಹೋಗಬಲ್ಲರು? ಪಿಎಸ್‌ಐ ನೇಮಕದಲ್ಲೂ 2021ರ 545 ಹುದ್ದೆಗಳ ಪರೀಕ್ಷೆ ಅಕ್ರಮದಿಂದಾಗಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನೇಮಕಾತಿ ವಿಭಾಗದ ಎಡಿಜಿಪಿಯಾಗಿದ್ದವರೇ ಆ ಪ್ರಕರಣದಲ್ಲಿ 2022ರಲ್ಲಿ ಬಂಧನಕ್ಕೊಳಗಾದರು. ಪ್ರಾಮಾಣಿಕವಾಗಿ ಬರೆದವರ ಪಂಚಾಂಗದಿಂದಲೂ ಎರಡು ವರ್ಷ ಹರಿದುಹೋಯಿತು.

ವರದಿಗಾರ:

ದಿನಾಂಕದ ವಾದವನ್ನು ನಾನು ಒಪ್ಪುತ್ತೇನೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಚಿತ್ರ ಅರ್ಧವಾಗುತ್ತದೆ. ಅಪರಾಧ ವರದಿಗಾರನಾಗಿ ಇನ್‌ಫೆಂಟ್ರಿ ರಸ್ತೆಯ ಆಯುಕ್ತರ ಕಚೇರಿಯ ಮೆಟ್ಟಿಲು ಸವೆಸಿದವನು ನಾನು. ನಡುವಿನ ವರ್ಷಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಜನರ ಕಣ್ಣಿಗೆ ಬೀಳುವ ಅಧಿಕಾರಿ ಜಿಲ್ಲೆಯ ಎಸ್‌ಪಿ, ನಗರದ ಡಿಸಿಪಿ. ಇಲಾಖೆಯವರು ಇವುಗಳನ್ನು 'ಎಕ್ಸಿಕ್ಯೂಟಿವ್' ಎನ್ನುತ್ತಾರೆ, ಉಳಿದದ್ದೆಲ್ಲ 'ನಾನ್ ಎಕ್ಸಿಕ್ಯೂಟಿವ್'. ಎಸ್‌ಪಿಯಾಗಿ ಹೆಸರು ಮಾಡುವ ವಯಸ್ಸು ಮೂವತ್ತರಿಂದ ಮೂವತ್ತೆಂಟು. ಅದಾದ ಮೇಲೆ ಇರುವುದು ಏಳು ವಲಯಗಳ ಐಜಿಪಿ ಹುದ್ದೆ, ಬೆರಳೆಣಿಕೆಯ ಆಯುಕ್ತರ ಹುದ್ದೆ. ಉಳಿದವರು ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್), ತರಬೇತಿ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ, ಕಾರಾಗೃಹ, ಪೊಲೀಸ್ ಗೃಹನಿರ್ಮಾಣ ಎಂದು ಚದುರಿಹೋಗುತ್ತಾರೆ. ನಲವತ್ತೈದರ ನಂತರ ಹೆಚ್ಚಿನ ಅಧಿಕಾರಿಗಳು ಠಾಣೆಯಿಂದ ದೂರದಲ್ಲಿರುತ್ತಾರೆ. ಈ ಚದುರಿದ ವರ್ಷಗಳಲ್ಲಿ ಯಾರು ಏನು ಮಾಡಿದರು ಎಂಬುದು ನನಗೆ ಎಸ್‌ಪಿ ದಿನಗಳ ಸಾಹಸಕ್ಕಿಂತ ಹೆಚ್ಚು ಆಸಕ್ತಿಯ ವಿಷಯ.

ಸೂದ್ ಅವರ ಹಾದಿ ಇದಕ್ಕೆ ಒಳ್ಳೆಯ ನಿದರ್ಶನ. ಬಳ್ಳಾರಿ, ರಾಯಚೂರುಗಳಲ್ಲಿ ಎಸ್‌ಪಿ, 1999ರಲ್ಲಿ ಮಾರಿಷಸ್ ಸರ್ಕಾರಕ್ಕೆ ಪೊಲೀಸ್ ಸಲಹೆಗಾರ, ನಡುವೆ ಸಾರ್ವಜನಿಕ ನೀತಿಯಲ್ಲಿ ಓದು, 2004ರಿಂದ 2007ರವರೆಗೆ ಮೈಸೂರು ಆಯುಕ್ತ, ಆಮೇಲೆ ಬೆಂಗಳೂರು ಸಂಚಾರ ವಿಭಾಗ, ನಗರ ಆಯುಕ್ತ, ಸಿಐಡಿ. ಸಲೀಂ ಅವರು ಸಂಚಾರವನ್ನೇ ವಿದ್ವತ್ತಿನ ವಿಷಯವನ್ನಾಗಿ ಮಾಡಿಕೊಂಡು ಪಿಎಚ್‌.ಡಿ. ಪಡೆದವರು, ಬೆಂಗಳೂರಿನ ಏಕಮುಖ ರಸ್ತೆಗಳನ್ನು ಬೈಯುವವರೂ ಹೊಗಳುವವರೂ ಅವರ ಹೆಸರನ್ನೇ ಹೇಳುತ್ತಾರೆ. ಇಬ್ಬರೂ ಸಂಚಾರ ವಿಭಾಗದಲ್ಲಿ ದುಡಿದವರೆಂಬುದು ಕಾಕತಾಳೀಯವಿರಬಹುದು. ಆದರೆ ಪ್ರತಿದಿನ ಲಕ್ಷಾಂತರ ಜನರಿಗೆ ತಾಗುವ, ಆದರೆ ಯಾವ ರಾಜಕಾರಣಿಗೂ ನೇರವಾಗಿ ಮುಜುಗರ ತಾರದ ಕೆಲಸ ಅದು ಎಂಬುದನ್ನು ಮರೆಯಬೇಡಿ.

ಇನ್ನೊಂದು ಭ್ರಮೆಯನ್ನೂ ಒಡೆಯಬೇಕು. ಬೆಂಗಳೂರು ಆಯುಕ್ತರ ಕುರ್ಚಿಯೇ ಡಿಜಿಪಿ ಕುರ್ಚಿಗೆ ಏಣಿ ಎಂದು ಅನೇಕರು ತಿಳಿದಿದ್ದಾರೆ. 2017ರಿಂದೀಚೆಗೆ ಬಂದ ದತ್ತ, ನೀಲಮಣಿ ರಾಜು, ಸೂದ್, ಅಲೋಕ್ ಮೋಹನ್, ಸಲೀಂ ಈ ಐವರಲ್ಲಿ ನಗರ ಆಯುಕ್ತರಾಗಿದ್ದವರು ಸೂದ್ ಒಬ್ಬರೇ. ಆ ಕುರ್ಚಿ ಏಣಿಗಿಂತ ಹೆಚ್ಚಾಗಿ ಜಾರುಬಂಡೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಮರುದಿನವೇ ನಗರ ಆಯುಕ್ತರೂ ಸೇರಿದಂತೆ ಐವರು ಅಧಿಕಾರಿಗಳು ಅಮಾನತಾದರು. ಅವರಲ್ಲಿ ಒಬ್ಬರ ಅಮಾನತನ್ನು ಜುಲೈನಲ್ಲಿ ನ್ಯಾಯಮಂಡಳಿ ರದ್ದುಪಡಿಸಿತು, ಉಳಿದವರ ಅಮಾನತನ್ನು ಅದೇ ತಿಂಗಳು ಸರ್ಕಾರ ಹಿಂತೆಗೆದುಕೊಂಡಿತು. ಆ ರಾತ್ರಿ ಆಯುಕ್ತರ ಕಚೇರಿಯ ಗೇಟಿನ ಬಳಿ ನಿಂತಿದ್ದ ಒಬ್ಬ ಎಎಸ್‌ಐ, "ಬಂದೋಬಸ್ತ್ ಚೆನ್ನಾಗಿ ಆದರೆ ಸುದ್ದಿಯೇ ಇಲ್ಲ ಸರ್, ಕೆಟ್ಟರೆ ಆದೇಶವೇ ಬರುತ್ತದೆ" ಎಂದದ್ದು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ.

ನೇರ ಮಾತು:

ಆಯುಕ್ತರ ಅಮಾನತಿನ ವಿಷಯ ಎತ್ತಿ ವರದಿಗಾರರು ನನ್ನ ವಾದವನ್ನೇ ಗಟ್ಟಿ ಮಾಡಿದ್ದಾರೆ ಎಂದು ನನಗನಿಸುತ್ತದೆ. ಮೂವರ ಪಟ್ಟಿ ಯುಪಿಎಸ್‌ಸಿಯಿಂದ ಬರಲಿ, ಆದರೆ ಆ ಪಟ್ಟಿಗೆ ಹೋಗುವವರ ಸೇವಾ ದಾಖಲೆಯನ್ನು ಬರೆಯುವವರು, ಅವರನ್ನು ಹತ್ತು ವರ್ಷ ಅಗ್ನಿಶಾಮಕಕ್ಕೋ ಗೃಹರಕ್ಷಕಕ್ಕೋ ದೂಡುವವರು, ಒಂದು ಅಮಾನತಿನಿಂದ ದಾಖಲೆಗೆ ಕಲೆ ಹಚ್ಚುವವರು ಯಾರು? ಆಯ್ಕೆಯ ಬಾಗಿಲಲ್ಲಿ ಕೈ ಕಟ್ಟಿದರೇನು, ದಾರಿಯುದ್ದಕ್ಕೂ ಕೈ ಬಿಚ್ಚಿಯೇ ಇದೆ.

ಹಳೆಯ ಸಿಬ್ಬಂದಿ ಶಾಖೆ:

ಇದನ್ನು ನಾನು ಒಪ್ಪಿದೆ. ನನ್ನ ಮೊದಲ ಪತ್ರದಲ್ಲಿ ಈ ಮಾತು ಬರಬೇಕಿತ್ತು. ಒಂದೇ ತಿದ್ದುಪಡಿ ಮಾಡುತ್ತೇನೆ: ಅಗ್ನಿಶಾಮಕ ಮತ್ತು ಗೃಹರಕ್ಷಕ ದಳವನ್ನು ದೂಡುವ ಜಾಗವೆಂದು ಎಲ್ಲರೂ ಹೇಳುತ್ತಾರೆ, ಆದರೆ ಅಲೋಕ್ ಮೋಹನ್ ಅವರು ಪಡೆಯ ಮುಖ್ಯಸ್ಥರಾಗುವ ಮೊದಲು ಕೂತಿದ್ದದ್ದು ಅಲ್ಲಿಯೇ.

ಮಲೆನಾಡಿನ ಓದುಗಿ:

ನಾನು ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿದೆ. ಇನ್ನೊಂದು ಪ್ರಶ್ನೆ ಉಳಿದಿದೆ. ರಾಜ್ಯದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ ಜೀಜಾ ಹರಿಸಿಂಗ್ ಅವರು 1975ರ ಬ್ಯಾಚ್. ಮೊದಲ ಮಹಿಳಾ ಡಿಜಿ ಮತ್ತು ಐಜಿಪಿಯಾಗಿ ನೀಲಮಣಿ ರಾಜು ಅವರು ಬಂದದ್ದು 2017ರಲ್ಲಿ. ನಡುವೆ 42 ವರ್ಷ. ಇದನ್ನೂ ಪಂಚಾಂಗದ ಲೆಕ್ಕಕ್ಕೇ ಸೇರಿಸಬೇಕೇ?

ವರದಿಗಾರ:

ಬಹುಪಾಲು ಹೌದು ಮೇಡಂ. ಒಂದೊಂದು ಬ್ಯಾಚಿನಲ್ಲಿ ರಾಜ್ಯಕ್ಕೆ ಬರುತ್ತಿದ್ದವರೇ ಕೆಲವರು, ಅವರಲ್ಲಿ ಮಹಿಳೆಯರು ಇದ್ದರೆ ಒಬ್ಬರು. 30 ವರ್ಷ ದಾಟಿ, ಸರಿಯಾದ ತಿಂಗಳಲ್ಲಿ ಸೇವೆ ಉಳಿಸಿಕೊಂಡು ಪಟ್ಟಿಯ ಮೊದಲ ಮೂವರಲ್ಲಿ ಬರಲು ಅಷ್ಟು ಕಡಿಮೆ ಹೆಸರುಗಳಿಗೆ ಎಷ್ಟು ಅವಕಾಶ ಇದ್ದೀತು? ಈಗ ಬ್ಯಾಚುಗಳಲ್ಲಿ ಮಹಿಳೆಯರ ಸಂಖ್ಯೆ ಹೆಚ್ಚಿದೆ. ಅದರ ಫಲ ಕಾಣುವುದು ಮೂವತ್ತು ವರ್ಷಗಳ ನಂತರ.

ಠಾಣೆ ವಸತಿಗೃಹದ ಮಗಳು:

'ಮಲೆನಾಡಿನ ಓದುಗಿ' ಅವರೇ, ನಿಮ್ಮ ಅಳಿಯನಿಗೆ ತಂದೆಯವರ ಕಡೆಯಿಂದ ಒಂದು ಮಾತು. ಇದನ್ನೆಲ್ಲ ಓದಿ ಹೇಳಿದಾಗ ಅವರೇ ಬರೆಸಿದರು. ಜ್ಯೇಷ್ಠತಾ ಪಟ್ಟಿಯ ಕರಡು ಪ್ರಕಟವಾದಾಗಲೆಲ್ಲ ತನ್ನ ಹೆಸರು, ಹುಟ್ಟಿದ ದಿನ, ಸೇರಿದ ದಿನಗಳನ್ನು ಸ್ವತಃ ನೋಡಬೇಕಂತೆ, ತಪ್ಪಿದ್ದರೆ ಆಕ್ಷೇಪಣೆಯನ್ನು ಗಡುವಿನೊಳಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕಂತೆ. ತಾವು 1996ರಲ್ಲಿ ಬಂದೋಬಸ್ತಿನ ಮೇಲೆ ಹೊರಗಿದ್ದು ಒಂದು ಗಡುವು ತಪ್ಪಿಸಿಕೊಂಡರಂತೆ.

ಹಳೆಯ ಸಿಬ್ಬಂದಿ ಶಾಖೆ:

ಸಾಹೇಬರು ಸರಿಯಾಗಿ ಹೇಳಿದ್ದಾರೆ. ಆ ಸ್ವೀಕೃತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಎರಡೂ ಇರಬೇಕು. ಮೊಹರಿದ್ದು ದಿನಾಂಕವಿಲ್ಲದ ಕಾಗದಗಳನ್ನು ನಾನೇ ಎಷ್ಟೋ ಮಂದಿಗೆ ವಾಪಸು ಕೊಟ್ಟಿದ್ದೇನೆ.